ಆರಿಸಿದ ಮೇಲೂ ಉಳಿದ ಬೆಳಕು

ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿ. ದೊಡ್ಡವರ ಕಥೆ ಹೇಳುವವರಿಗೆ ಎಲ್ಲಿಯೂ ಕೊರತೆಯಿಲ್ಲ. ನಾನು ಹೇಳಹೊರಟಿರುವುದು, ಏಣಿಯೊಂದನ್ನು ಹೆಗಲಿಗೇರಿಸಿಕೊಂಡು ಒಂದೇ ಕಟ್ಟಡದ ಮೆಟ್ಟಿಲುಗಳನ್ನು ಇಪ್ಪತ್ತಾರು ವರ್ಷ ಹತ್ತಿ ಇಳಿದ ಒಬ್ಬ ಕರೆಂಟು ಕೆಲಸದವನ ಕಥೆ. ಅವನು ಕಳ್ಳನಲ್ಲ, ಕುಡುಕನಲ್ಲ, ಮೈಗಳ್ಳನಂತೂ ಅಲ್ಲವೇ ಅಲ್ಲ. ಆದರೂ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷವಿರುವಾಗ, ಒಂದು ಎಳೆಯ ಜೀವ ಅವನ ಮೌನದ ಮೇಲೆ ತೂಗಾಡುತ್ತಿತ್ತು.

ಆ ಕಟ್ಟಡ ಹೆಣ್ಣುಮಕ್ಕಳ ಹಾಸ್ಟೆಲು. ಮೂರು ಮಹಡಿ, ಮಹಡಿಗೆ ಮೂವತ್ತಾರು ಕೋಣೆ, ಕೋಣೆಗೆ ಇಬ್ಬರು. ಅಲ್ಲಿನ ಹುಡುಗಿಯರು ಅವನನ್ನು ಕರೆಯುತ್ತಿದ್ದುದು ಚೋಕಣ್ಣ ಎಂದು. ಹಳೆಯ ಟ್ಯೂಬ್‌ಲೈಟಿನ ಪಟ್ಟಿಯೊಳಗೆ ಕುಳಿತು ಸದಾ ಗುಂಯ್‌ಗುಡುವ ಕಬ್ಬಿಣದ ಗಟ್ಟಿಯನ್ನು ಚೋಕ್ ಎನ್ನುತ್ತಾರಲ್ಲ, ಅಂಥದೊಂದು ಯಾವಾಗಲೂ ಅವನ ಅಂಗಿಯ ಜೇಬನ್ನು ಜಗ್ಗುತ್ತಿತ್ತು. ಎಡಗಡೆಯ ಜೇಬು ಜೋತುಬಿದ್ದು ಅಂಗಿಯೇ ಓರೆಯಾಗಿ ಹೋಗಿತ್ತು. ‘ಅಣ್ಣ ನಡೆದು ಬಂದರೆ ಅಂಗಿ ಒಂದು ಹೆಜ್ಜೆ ಹಿಂದೆ ಬರುತ್ತದೆ’ ಎಂದು ಮಕ್ಕಳು ನಗುತ್ತಿದ್ದರು, ಅವನೂ ನಗುತ್ತಿದ್ದ. ತಂದೆ ತಾಯಿ ಇಟ್ಟ ಹೆಸರನ್ನು ಸಂಬಳದ ಪಟ್ಟಿಯಲ್ಲಿ ಮಾತ್ರ ಕಾಣಬಹುದಿತ್ತು.

ಹದಿನಾರನೆಯ ವಯಸ್ಸಿಗೇ ತಂತಿ ಎಳೆಯುವವರ ತಂಡ ಸೇರಿದವನು. ಗೋಡೆ ಕೊರೆದ ಧೂಳನ್ನು ಉಂಡು, ಬೈಗುಳ ಉಂಡು, ಕೆಲಸ ಕಲಿತವನು. ಇಪ್ಪತ್ತೈದರಲ್ಲಿ ಈ ಹಾಸ್ಟೆಲಿನ ಮೂರನೆಯ ಮಹಡಿ ಹೊಸದಾಗಿ ಏಳುತ್ತಿದ್ದಾಗ ಬೇರೊಂದು ತಂಡದ ಮೇಸ್ತ್ರಿ ಅವನನ್ನು ಕೂಲಿಗೆ ಕರೆದುಕೊಂಡ. ಮೂವತ್ತಾರು ಕೋಣೆಗಳ ತಂತಿಯನ್ನೂ ಅವನೊಬ್ಬನೇ ಜೋಡಿಸಿದ. ಕೆಲಸ ನೋಡಿ ಮೆಚ್ಚಿದ ಆಗಿನ ವಾರ್ಡನ್ ಅವನನ್ನು ಅಲ್ಲಿಯೇ ಉಳಿಸಿಕೊಂಡರು. ಅಂದಿನಿಂದ ಮೂರನೆಯ ಮಹಡಿಯೆಂದರೆ ಅವನಿಗೆ ಮಗಳಿದ್ದಂತೆ. ಹೊಸಬರು ಯಾರೇ ಬರಲಿ, ‘ಇದಿಷ್ಟೂ ನನ್ನ ಕೈಕೆಲಸ’ ಎಂದು ಮೇಲೆ ಕೈ ತೋರಿಸದೆ ಬಿಡುತ್ತಿರಲಿಲ್ಲ.

ಅವನಿಗೊಂದು ನಡವಳಿಕೆಯಿತ್ತು. ಯಾವ ದೀಪವನ್ನು ಮುಟ್ಟುವ ಮುನ್ನವೂ ಆ ಮಹಡಿಯ ಮೇನ್ ಸ್ವಿಚ್ಚನ್ನೇ ಇಳಿಸುತ್ತಿದ್ದ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಕಣ್ಣು ಮುಚ್ಚಿ, ‘ದೇವರೇ, ನನ್ನ ಕೈಯಿಂದ ಯಾರಿಗೂ ನೋವಾಗದಿರಲಿ’ ಎಂದು ತುಟಿಯಲ್ಲೇ ಅಂದುಕೊಂಡು ಮೇಲೇರುತ್ತಿದ್ದ. ಮಕ್ಕಳಿಗೂ ಅವನ ಉಪದೇಶ ಒಂದೇ: ಸ್ವಿಚ್ ಆರಿಸದೆ ಏನನ್ನೂ ಮುಟ್ಟಬೇಡಿ. ಹೇಳಿ ಹೇಳಿ ಆ ಮಾತು ಹಾಸ್ಟೆಲಿನ ಗಾದೆಯೇ ಆಗಿಹೋಗಿತ್ತು.

ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬ ಹುಡುಗಿಯಿದ್ದಳು. ದಿನವೂ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೀಟರಿನ ಮುಂದೆ ನಿಂತು ಅಂಕಿ ಬರೆದುಕೊಳ್ಳುತ್ತಿದ್ದುದರಿಂದ ಎಲ್ಲರೂ ಅವಳನ್ನು ಮೀಟರಮ್ಮ ಎಂದರು. ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ಸ್ಥಾವರದ ಪಕ್ಕದ ಊರಿನಿಂದ ಬಂದವಳು. ಅವಳ ತಾಯಿ ಒಗೆದ ಬಟ್ಟೆ ಹರವುವ ಮೊದಲು ಹಗ್ಗದ ಮೇಲಿನ ಬೂದಿಯನ್ನು ಒರೆಸುತ್ತಿದ್ದಳಂತೆ. ಸಂಜೆ ಬಟ್ಟೆ ತೆಗೆಯುವಾಗ ಅದನ್ನು ಮತ್ತೆ ಕೊಡವುತ್ತಿದ್ದಳಂತೆ. ‘ನಾವಿಲ್ಲಿ ಸುಮ್ಮನೆ ಉರಿಸೋ ಒಂದೊಂದು ಲೈಟಿನ ಹೊಗೆ ನಮ್ಮಮ್ಮನ ಎದೆಯೊಳಗೆ ಹೋಗುತ್ತೆ’ ಎಂದು ಅವಳು ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ನಗುತ್ತಿದ್ದವರೂ ಸುಮ್ಮನಾಗಿದ್ದರು. ಮಾತು ಸಣ್ಣದು, ಬಂಧುಗಳೇ, ಆದರೆ ದೇವರು ಕೊಟ್ಟ ಗಾಳಿಯನ್ನು ಹಂಚಿಕೊಂಡು ಬದುಕುವವರು ಮರೆಯಬಾರದ ಮಾತು.

ಒಂದು ವರ್ಷ ಅವಳು ವಾರ್ಡನ್ ಅವರ ಬಾಗಿಲು ಸವೆಸಿದಳು. ಹಳೆಯ ಟ್ಯೂಬು ನಲವತ್ತು ವ್ಯಾಟ್ ತಿನ್ನುತ್ತದೆ, ಅದನ್ನು ಕಾಯುವ ಚೋಕ್ ಇನ್ನೊಂದು ಹತ್ತು ಹನ್ನೆರಡು ತಿನ್ನುತ್ತದೆ. ಹೊಸ ಎಲ್‌ಇಡಿ ಇಪ್ಪತ್ತರಲ್ಲೇ ಅಷ್ಟೇ ಬೆಳಕು ಕೊಡುತ್ತದೆ. ಬಿಲ್ಲು ಇಳಿದರೆ ಕೋಣೆಯ ಬಾಡಿಗೆ ಏರಿಸಬೇಕಾಗಿಲ್ಲ. ಚೋಕಣ್ಣ ಮೊದಮೊದಲು ಮೂಗು ಮುರಿದ. ಚೋಕನ್ನೇ ಕಿತ್ತು ಹಾಕಿದ ಮೇಲೆ ತನ್ನನ್ನು ಬರೀ ಅಣ್ಣ ಎನ್ನಬೇಕಾಗುತ್ತದಲ್ಲ ಎಂದು ತಮಾಷೆ ಮಾಡಿದ. ಆದರೆ ಅವಳು ಎರಡು ಟ್ಯೂಬನ್ನೂ ಅಕ್ಕಪಕ್ಕ ಉರಿಸಿ, ಹಳೆಯದರ ಚೋಕಿನ ಮೇಲೆ ಅವನ ಅಂಗೈ ಇರಿಸಿದಾಗ, ಆ ಬಿಸಿಯೆಲ್ಲ ಯಾರಿಗೂ ಬೇಡದ ಬಿಸಿಯೆಂದು ಅವನಿಗೆ ಅರಿವಾಯಿತು. ಮರುದಿನದಿಂದ ಅವನೇ ಮುಂದೆ ನಿಂತ. ಎರಡು ವಾರದಲ್ಲಿ ಕೆಳಗಿನ ಎರಡು ಮಹಡಿ ಮುಗಿಸಿ, ಮದುವೆಮನೆಯ ಕೊನೆಯ ಪಂಕ್ತಿಯಂತೆ ತನ್ನ ಮೂರನೆಯ ಮಹಡಿಯನ್ನು ಸಮಾಧಾನದಿಂದ ಮಾಡಿದ. ವಾರ್ಡನ್ ಬಹಳ ಸಂತೋಷಪಟ್ಟರು. ಈ ಹಾಸ್ಟೆಲನ್ನು ನಡೆಸುವ ಸಂಸ್ಥೆಯ ಐದೂ ಹಾಸ್ಟೆಲುಗಳ ದೀಪ ಬದಲಿಸುವ ಕೆಲಸಕ್ಕೆ ಅವನನ್ನೇ ಮೇಲ್ವಿಚಾರಕನನ್ನಾಗಿ ಮಾಡಬೇಕೆಂದು ಮೇಲಿನವರಿಗೆ ಪತ್ರ ಬರೆದರು. ಆ ಹುದ್ದೆಯೊಂದಿಗೆ ಕಾಂಪೌಂಡಿನೊಳಗೆ ಎರಡು ಕೋಣೆಯ ಮನೆಯೂ ಬರುತ್ತಿತ್ತು.

ಆ ಮನೆಯ ಬೆಲೆ ತಿಳಿಯಬೇಕಾದರೆ ಅವನು ಆಗ ಇದ್ದ ಮನೆಯನ್ನು ನೋಡಬೇಕು. ಮರ ಕೊಯ್ಯುವ ಕಾರ್ಖಾನೆಯ ಮೇಲಿನ ಒಂದೇ ಕೋಣೆ. ಬೆಳಿಗ್ಗೆ ಏಳಕ್ಕೆ ಕೆಳಗೆ ಗರಗಸ ಹಿಡಿದರೆ ತಟ್ಟೆಯ ಮೇಲಿನ ಲೋಟ ತಾನಾಗಿ ನಡೆಯುತ್ತಿತ್ತು. ಅವನ ಹೆಂಡತಿ ಅಲ್ಲಿಯೇ ಕುಳಿತು ಹೊಲಿಗೆ ಮಾಡುತ್ತಿದ್ದಳು. ಹದಿನೇಳು ವರ್ಷದಲ್ಲಿ ಅವಳ ಎಡಗಿವಿ ಅರ್ಧಕ್ಕರ್ಧ ಮಂದವಾಗಿತ್ತು. ಪತ್ರದ ಸುದ್ದಿ ಕೇಳಿದ ದಿನ ಅವಳು ಸಂತೋಷಪಡಲಿಲ್ಲ, ಅಳಲಿಲ್ಲ. ಹೊಲಿಗೆ ಯಂತ್ರವನ್ನು ನಿಲ್ಲಿಸಿ, ‘ಅಲ್ಲಿ ಮಳೆ ಬಂದ್ರೆ ಕೇಳಿಸುತ್ತಾ?’ ಎಂದು ಮಾತ್ರ ಕೇಳಿದಳು.

ಅದಾದ ಎರಡನೆಯ ದಿನ ದೂರು ಬಂತು.

ಮೂರನೆಯ ಮಹಡಿಯ ದೀಪಗಳು ಆರಿಸಿದ ಮೇಲೂ ಪೂರ್ತಿ ಆರುತ್ತಿಲ್ಲ. ಸ್ವಿಚ್ ಒತ್ತಿದರೂ ಟ್ಯೂಬಿನೊಳಗೆ ಬೂದಿ ಬಣ್ಣದ ಮಿಣುಕು ಉಳಿಯುತ್ತದೆ. ಒಬ್ಬಳು ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಮಲಗಿದಳಂತೆ, ಇನ್ನೊಬ್ಬಳು ದೆವ್ವವೆಂದು ಪಕ್ಕದ ಕೋಣೆಗೆ ಓಡಿದಳಂತೆ. ದೀಪವನ್ನು ಆರಿಸು ಎನ್ನಲು ಬಾಯಿ ಬಾರದೆ ಹಿಂದಿನವರಂತೆ ‘ದೊಡ್ಡದು ಮಾಡು’ ಎನ್ನುತ್ತಿದ್ದ ಕಸ ಗುಡಿಸುವ ಮುದುಕಿ, ‘ದೊಡ್ಡದು ಮಾಡಿದ್ರೂ ಸಣ್ಣದಾಗಿ ಉಳ್ಕೊಂಡಿದೆಯಲ್ಲಪ್ಪ, ಇದೆಂಥ ದೀಪ’ ಎಂದು ಗದ್ದ ಹಿಡಿದು ನಿಂತಳು. ಮೀಟರಮ್ಮ ಮಾತ್ರ ನಗಲಿಲ್ಲ.

“ಅಣ್ಣಾ, ಕೆಳಗಡೆ ಎರಡು ಮಹಡೀಲಿ ಒಂದು ಲೈಟೂ ಹೀಗಿಲ್ಲ. ಇಲ್ಲಿ ಮೂವತ್ತಾರಕ್ಕೆ ಮೂವತ್ತಾರೂ ಹೀಗೇ. ಯಾಕೆ?”

ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಉಗ್ರಾಣವಿತ್ತು. ಚೋಕಣ್ಣ ಹಾಡಹಗಲೇ ಅದರೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಸ್ವಿಚ್ ಆರಿಸಿದ. ಕತ್ತಲೆಯಲ್ಲಿ, ತಲೆಯ ಮೇಲೆ, ಮಸುಕಾದ ಆ ಗೆರೆ ಹಾಗೆಯೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಮೇನ್ ಇಳಿಸದೆಯೇ ಅವನು ಏಣಿ ಹತ್ತಿದ. ಟ್ಯೂಬು ಬಿಚ್ಚಿ, ಹೋಲ್ಡರಿನ ಸೀಳಿಗೆ ಟೆಸ್ಟರಿನ ಮೊನೆ ತಾಗಿಸಿದ. ಸ್ವಿಚ್ ಆರಿಯೇ ಇತ್ತು. ಟೆಸ್ಟರಿನ ಹೊಟ್ಟೆಯೊಳಗಿನ ಕೆಂಪು ಕಿಡಿ ಹೊತ್ತಿಕೊಂಡಿತು.

ಮೊನೆಯನ್ನು ಒರೆಸಿ ಇನ್ನೊಮ್ಮೆ ತಾಗಿಸಿದ, ಕಿಡಿ ಮತ್ತೆ ಹೊತ್ತಿತು.

ಏನಾಗಿತ್ತೆಂದು ತಿಳಿಯಲು ವಿದ್ಯುತ್ತಿನ ಪಾಠವೇನೂ ಬೇಡ. ದೀಪಕ್ಕೆ ಎರಡು ತಂತಿ ಬೇಕು. ಒಂದರಲ್ಲಿ ಶಕ್ತಿ ಬರುತ್ತದೆ, ಅದು ಮುಟ್ಟಿದರೆ ಕೊಲ್ಲುತ್ತದೆ. ಇನ್ನೊಂದರಲ್ಲಿ ಅದು ಹಿಂದಿರುಗುತ್ತದೆ. ಸ್ವಿಚ್ಚು ಕಡಿಯಬೇಕಾದುದು ಕೊಲ್ಲುವ ತಂತಿಯನ್ನು. ಆಗಲೇ ದೀಪ ನಿರ್ಜೀವವಾಗುವುದು. ಹಿಂದಿರುಗುವ ತಂತಿಯನ್ನು ಕಡಿದರೂ ದೀಪವೇನೋ ಆರುತ್ತದೆ, ಆದರೆ ಕೊಲ್ಲುವ ತಂತಿ ಮೇಲೆ ಹೋಲ್ಡರಿನ ಬಾಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತದೆ. ಹೊಟ್ಟೆಬಾಕ ಹಳೆಯ ಟ್ಯೂಬಿಗೆ ಅಲ್ಲಿ ಸೋರುವ ಹನಿ ಕರೆಂಟು ಸಾಲದೆ ಅದು ಕಪ್ಪಾಗಿಯೇ ಇತ್ತು. ಮಿತವಾಗಿ ಉಣ್ಣುವ ಹೊಸ ದೀಪ ಆ ಹನಿಯಲ್ಲೇ ಮಿಣುಕಿ, ಹಳೆಯ ಗುಟ್ಟನ್ನು ರಟ್ಟು ಮಾಡಿತ್ತು. ಚೋಕಣ್ಣ ಪ್ರತಿ ಬಾರಿಯೂ ಮೇನ್ ಇಳಿಸಿಯೇ ಕೆಲಸ ಮಾಡುತ್ತಿದ್ದನಲ್ಲ, ಹಾಗಾಗಿ ಅವನ ಎಚ್ಚರವೇ ಅವನ ತಪ್ಪನ್ನು ಅವನಿಂದ ಇಷ್ಟು ವರ್ಷ ಮುಚ್ಚಿತ್ತು.

ಏಣಿಯಿಂದಿಳಿದು ಬಕೆಟ್ಟನ್ನು ಬೋರಲು ಹಾಕಿ ಕುಳಿತವನಿಗೆ ಮೇಸ್ತ್ರಿಯ ದನಿ ನಿನ್ನೆ ಕೇಳಿದಂತೆ ಕೇಳಿಸಿತು. ‘ಹೋಗೋ ತಂತೀನ ಸ್ವಿಚ್ಚಿಗೆ ಕೊಡು’ ಎಂದಿದ್ದ ಆ ಪುಣ್ಯಾತ್ಮ. ಚೋಕಣ್ಣ ಮೊದಲು ಕೆಲಸ ಕಲಿತ ತಂಡದಲ್ಲಿ ಬರೋದು, ಹೋಗೋದು ಎಂದರೆ ಕರೆಂಟು ಬರುವ ತಂತಿ, ಕರೆಂಟು ಹಿಂದಿರುಗಿ ಹೋಗುವ ತಂತಿ. ಈ ಮೇಸ್ತ್ರಿಯ ಬಾಯಲ್ಲಿ ಹೋಗೋದು ಎಂದರೆ ಬೋರ್ಡಿನಿಂದ ಮೇಲೆ ದೀಪಕ್ಕೆ ಹೋಗುವುದು, ಎಂದರೆ ಕೊಲ್ಲುವುದೇ. ಪದ ಒಂದೇ, ಅರ್ಥ ಎರಡು. ಯಾವ ಹೋಗೋದು ಎಂದು ತಿರುಗಿ ಕೇಳಿದ್ದರೆ ಒಂದು ಬೈಗುಳ ಬೀಳುತ್ತಿತ್ತು, ಅಷ್ಟೇ. ಇಪ್ಪತ್ತೈದರ ಬಿಸಿರಕ್ತ ಕೇಳಲಿಲ್ಲ. ಮೇಸ್ತ್ರಿ ತೀರಿಕೊಂಡು ಹತ್ತು ವರ್ಷವಾಗಿತ್ತು.

ಆಗಲೇ ಎದ್ದು ನೇರವಾಗಿ ವಾರ್ಡನ್ ಬಳಿಗೆ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವನು ಎದ್ದದ್ದೂ ನಿಜ, ಮೆಟ್ಟಿಲಿಳಿದದ್ದೂ ನಿಜ. ಆದರೆ ವಾರ್ಡನ್ ಕೋಣೆಯ ಬಾಗಿಲಲ್ಲಿ ಅವರೇ ನಗುತ್ತ ಎದುರಾದರು. ಪತ್ರಕ್ಕೆ ಒಪ್ಪಿಗೆ ಬರುವುದರಲ್ಲಿದೆ, ಇನ್ನು ಹತ್ತೇ ದಿನ ಎಂದರು. ಅವನು ಕೈಮುಗಿದು ಹಿಂದಿರುಗಿದ. ಅಲ್ಲಿಂದ ಅವನ ಕಾಲು ಹೊರಟದ್ದು ಕರೆಂಟು ಸಾಮಾನಿನ ಅಂಗಡಿಗೆ. ಅಂಗಡಿಯವನು ಇಂಥದನ್ನು ಬೇಕಾದಷ್ಟು ನೋಡಿದ್ದ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಕೆಪಾಸಿಟರನ್ನು ಕೌಂಟರಿನ ಮೇಲೆ ಉರುಳಿಸಿ, ಇದನ್ನು ಟ್ಯೂಬಿನ ಪಕ್ಕ ಸಿಕ್ಕಿಸಿದರೆ ಸೋರುವ ಹನಿಯನ್ನು ಇದೇ ಕುಡಿಯುತ್ತದೆ, ಮಿಣುಕು ಮಾಯ ಎಂದ. ತಂತಿಯೊಳಗಿನ ತಪ್ಪು ಏನಾಗುತ್ತದೆ ಎಂದು ಚೋಕಣ್ಣ ಕೇಳಲಿಲ್ಲ. ಅವನಿಗೇ ಗೊತ್ತಿತ್ತು.

ಸರಿಪಡಿಸುವುದು ಅಸಾಧ್ಯವೇನಾಗಿರಲಿಲ್ಲ. ಪ್ರತಿ ಕೋಣೆಯ ಬೋರ್ಡನ್ನು ಬಿಚ್ಚಿ, ಎರಡು ತಂತಿಗಳನ್ನು ಅದಲುಬದಲು ಮಾಡಿ, ಪರೀಕ್ಷಿಸಿ ಮುಚ್ಚಬೇಕು. ಕೋಣೆಗೆ ಅರ್ಧ ಗಂಟೆ. ಆದರೆ ಹುಡುಗಿಯರು ಏಕೆಂದು ಕೇಳುತ್ತಾರೆ, ಮೀಟರಮ್ಮ ಕೇಳದೆ ಬಿಡುವುದೇ ಇಲ್ಲ. ರಜೆಗೆ ಇನ್ನು ಏಳು ವಾರ. ರಜೆಯಲ್ಲಿ ಯಾರೂ ಇಲ್ಲದಾಗ ಎಲ್ಲವನ್ನೂ ಸದ್ದಿಲ್ಲದೆ ಸರಿಮಾಡಿಬಿಟ್ಟರಾಯಿತು ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಇಪ್ಪತ್ತಾರು ವರ್ಷ ಏನೂ ಆಗದ್ದು ಏಳು ವಾರದಲ್ಲಿ ಆಗುತ್ತದೆಯೇ? ಸೈತಾನನು ಕೊಂಬು ತೋರಿಸಿಕೊಂಡು ಬರುವುದಿಲ್ಲ, ಬಂಧುಗಳೇ. ಇಂಥ ಹದವಾದ ಲೆಕ್ಕಾಚಾರ ಹಿಡಿದುಕೊಂಡು, ನಮ್ಮದೇ ದನಿಯಲ್ಲಿ ಮಾತಾಡುತ್ತ ಬರುತ್ತಾನೆ.

ಎರಡು ದಿನದಲ್ಲಿ ಮೂವತ್ತಾರು ಕೋಣೆಗೂ, ಉಗ್ರಾಣಕ್ಕೂ ಗುಂಡಿಯಂಥ ಆ ಕೆಪಾಸಿಟರುಗಳನ್ನು ಸಿಕ್ಕಿಸಿದ. ಮಿಣುಕು ಮಾಯವಾಯಿತು. ದೆವ್ವ ಬಿಡಿಸಿದ ಮಂತ್ರವಾದಿ ಎಂದು ಹುಡುಗಿಯರು ಕೈಚಪ್ಪಾಳೆ ತಟ್ಟಿದರು. ಮೀಟರಮ್ಮ ತನ್ನ ಪುಸ್ತಕ ತೆರೆದು, ಏನಾಗಿತ್ತಣ್ಣ ಎಂದಳು. ಸಣ್ಣ ದೋಷ, ಸರಿಹೋಯಿತು ಎಂದ. ಅವಳು ಅವನ ಮಾತನ್ನು ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ ಅವನ ಹೆಸರನ್ನೂ ಬರೆದಳು. ಅವಳು ಕೆಳಗೆ ಗೆರೆ ಎಳೆಯುವವರೆಗೂ ಅವನು ನೋಡುತ್ತ ನಿಂತಿದ್ದ.

ಆಮೇಲಿನ ದಿನಗಳಲ್ಲಿ ಅವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಕಣ್ಣು ಮುಚ್ಚಿದರೆ, ‘ದೇವರೇ’ ಎಂಬಷ್ಟು ಬರುತ್ತಿತ್ತು, ಮುಂದಿನದು ಬರುತ್ತಿರಲಿಲ್ಲ. ಮೂರನೆಯ ಮಹಡಿಯಲ್ಲಿ ಬಾಗಿಲು ದಡಾರೆಂದರೆ ಕೈಯ ಕೆಲಸ ಬಿಟ್ಟು ಓಡುತ್ತಿದ್ದ. ಯಾರಾದರೂ ‘ಅಣ್ಣಾ’ ಎಂದು ಓಡಿ ಬಂದರೆ ಅವಳ ಬಾಯಿಂದ ಬರುವ ಮೊದಲ ಮಾತನ್ನು ಉಸಿರು ಹಿಡಿದು ಕಾಯುತ್ತಿದ್ದ. ಅದು ಕೆಟ್ಟ ಫ್ಯಾನಿನ ಸುದ್ದಿಯಾದರೆ ಅವಳಿಗೆ ಕೈಮುಗಿಯಬೇಕೆನಿಸುತ್ತಿತ್ತು. ಶುಕ್ರವಾರ ಸಂಜೆ ತಟ್ಟೆಯ ಮುಂದೆ ಕುಳಿತವನು ತುತ್ತು ಕಲಸುತ್ತಲೇ ಇದ್ದ. ಹೆಂಡತಿ ತನ್ನ ಒಳ್ಳೆಯ ಕಿವಿಯನ್ನು ಅವನ ಕಡೆಗೆ ತಿರುಗಿಸಿ ಕುಳಿತಳು.

“ರೀ, ಹೊಟ್ಟೆಯೊಳಗೆ ಏನೋ ಇಟ್ಕೊಂಡಿದೀರಿ. ಊಟ ಅಂತೂ ಅಲ್ಲ.”

ಕೆಲಸ ಜಾಸ್ತಿ ಎಂದ. ಅವಳು ಮತ್ತೆ ಕೇಳಲಿಲ್ಲ. ಹೊಸ ಮನೆಯ ಕಿಟಕಿಗೆಂದು ಹೊಲಿಯುತ್ತಿದ್ದ ಪರದೆಯನ್ನು ಮಡಚಿ ಒಳಗಿಟ್ಟಳು.

ಶನಿವಾರ ಅವನು ಹಾಸ್ಟೆಲಿಗೆ ಬಂದಾಗ ಹತ್ತಕ್ಕೆ ಹತ್ತು ನಿಮಿಷ. ಎಂದಿನ ಶನಿವಾರದ ಮೌನ ಅಂದು ಇರಲಿಲ್ಲ. ಮೇಲಿನಿಂದ ಬಕೆಟ್ಟಿನ ಸದ್ದು, ನೀರಿನ ಸದ್ದು, ಮೇಜು ಎಳೆಯುವ ಸದ್ದು. ಬಾಗಿಲ ಬಳಿಯ ಹಲಗೆಯ ಮೇಲೆ ಮೀಟರಮ್ಮನ ದುಂಡು ಅಕ್ಷರದ ಹೊಸ ಚೀಟಿಯಿತ್ತು. ಹಳೆಯ ಪಟ್ಟಿಯ ಮೇಲೆ ಕುಳಿತ ಧೂಳು ಬೆಳಕನ್ನು ನುಂಗುತ್ತದೆ, ಆದ್ದರಿಂದ ಇಂದು ಹತ್ತು ಗಂಟೆಯೊಳಗೆ ಮೂರನೆಯ ಮಹಡಿಯವರೆಲ್ಲ ತಂತಮ್ಮ ಕೋಣೆಯ ಟ್ಯೂಬು ಬಿಚ್ಚಿ, ಪಟ್ಟಿಯನ್ನೂ ಹೋಲ್ಡರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸತಕ್ಕದ್ದು. ಹೊಸ ಟ್ಯೂಬು ಹಗುರ, ಚೋಕ್ ಇಲ್ಲ, ನಾವೇ ಮಾಡಬಹುದು. ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು:

‘ಮೊದಲು ಸ್ವಿಚ್ ಆರಿಸಿ. ಆರಿಸಿದರೆ ಯಾವ ಅಪಾಯವೂ ಇಲ್ಲ. — ಚೋಕಣ್ಣ.’

ತನ್ನ ಹೆಸರನ್ನು ಅಲ್ಲಿ ಓದಿದಾಗ ಅವನಿಗೆ ಕಿವಿ ಮುಚ್ಚಿದಂತಾಯಿತು. ಮೂವತ್ತಾರು ಕೋಣೆ. ಮೇಲೆ ಓಡಿ ಕೂಗಲೇ? ಒಂದು ಕೋಣೆಯ ಬಾಗಿಲು ತಟ್ಟುವಷ್ಟರಲ್ಲಿ ಇನ್ನೊಂದರಲ್ಲಿ ಒದ್ದೆ ಕೈ ಮೇಲೆದ್ದಿರುತ್ತದೆ. ಅವನು ಕೆಳಕ್ಕೆ ಓಡಿದ. ನೆಲಮಾಳಿಗೆಯ ಮೇನ್ ಸ್ವಿಚ್ಚಿನ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಚಪ್ಪಲಿಯೊಂದು ಅಲ್ಲೆಲ್ಲೋ ಕಳಚಿ ಉಳಿಯಿತು. ಸೊಂಟದ ಗೊಂಚಲಿನಲ್ಲಿ ಇಪ್ಪತ್ತು ಬೀಗದಕೈ. ಕಣ್ಣು ಮುಚ್ಚಿ ಹುಡುಕಿದರೂ ಸಿಗುತ್ತಿದ್ದ ಕೈ ಅಂದು ಸಿಗಲೊಲ್ಲದು. ಮೊದಲನೆಯದು ತಪ್ಪು. ಎರಡನೆಯದೂ ತಪ್ಪು. ಮೂರನೆಯದು ಒಳಗೆ ಹೋಗಿ ತಿರುಗಲಿಲ್ಲ. ತಲೆಯ ಮೇಲೆ ಯಾರೋ ನಗುತ್ತಿದ್ದರು, ಯಾರೋ ಮೇಜು ಜರುಗಿಸುತ್ತಿದ್ದರು. ನಾಲ್ಕನೆಯದು ತಿರುಗಿತು. ಯಾವ ಮಹಡಿಯ ಸ್ವಿಚ್ಚೆಂದು ನೋಡುವ ವ್ಯವಧಾನವೂ ಇಲ್ಲದೆ, ಇಡೀ ಕಟ್ಟಡದ ದೊಡ್ಡ ಹಿಡಿಯನ್ನೇ ಎರಡೂ ಕೈಯಿಂದ ಕೆಳಕ್ಕೆಳೆದ.

ಕಟ್ಟಡದ ಉಸಿರು ನಿಂತಿತು. ಫ್ಯಾನುಗಳು ಸುತ್ತು ಕಳೆದುಕೊಳ್ಳುವ ಸದ್ದು ಮಹಡಿಯಿಂದ ಮಹಡಿಗೆ ಇಳಿದು ಬಂತು.

ಹಿಡಿಗೆ ಬೀಗ ಜಡಿದು ಅವನು ಮೇಲೆ ಹತ್ತಿದ. ಎಣಿಸದೆ ಹತ್ತಿದ. ಮೂರನೆಯ ಮಹಡಿಯ ನಡುಹಾದಿಯಲ್ಲಿ ಹುಡುಗಿಯರು ಬಕೆಟ್ಟು ಹಿಡಿದು ಗೊಂದಲದಲ್ಲಿ ನಿಂತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು, ಕೊನೆಯ ಕೋಣೆಯವರೆಗೆ ಹೋದ. ಮೀಟರಮ್ಮ ಮೇಜಿನ ಮೇಲೆ ನಿಂತಿದ್ದಳು. ಟ್ಯೂಬು ಹಾಸಿಗೆಯ ಮೇಲಿತ್ತು. ಅವಳ ಬಲಗೈಯ ಬಟ್ಟೆಯಿಂದ ನೀರು ಮೊಣಕೈಗೆ ಇಳಿಯುತ್ತಿತ್ತು. ಎಡಗೈ ಕಿಟಕಿಯ ಕಬ್ಬಿಣದ ಸರಳನ್ನು ಹಿಡಿದಿತ್ತು.

“ಸ್ವಿಚ್ ಆರಿಸೀನೇ ಹತ್ತಿದ್ದು ಅಣ್ಣ,” ಎಂದಳು, ಅವನ ಮುಖ ನೋಡಿ ಹೆದರಿ. “ಮೊದಲ ಸಲ ಒರೆಸಿದಾಗ ಕೈ ಜುಮ್ ಅಂತು. ಆಯ ತಪ್ಪಬಾರದು, ಸರಳು ಹಿಡ್ಕೊಂಡು ಗಟ್ಟಿಯಾಗಿ ಒರೆಸೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಫ್ಯಾನು ನಿಂತುಹೋಯ್ತು.”

ಒಣ ಮರದ ಮೇಜು ಅವಳನ್ನು ಮೊದಲ ಸಲ ಉಳಿಸಿತ್ತು. ಗೋಡೆಯ ಮೂಲಕ ನೆಲಕ್ಕೆ ಸೇರಿಕೊಂಡ ಆ ಕಬ್ಬಿಣವನ್ನು ಹಿಡಿದ ಮೇಲೆ ಮರದಿಂದ ಏನೂ ಆಗುತ್ತಿರಲಿಲ್ಲ. ಚೋಕಣ್ಣ ಅವಳನ್ನು ಕೆಳಗಿಳಿಸಲು ಕೈ ಕೊಟ್ಟ.

ಅಷ್ಟರಲ್ಲಿ ವಾರ್ಡನ್ ಏದುಸಿರು ಬಿಡುತ್ತ ಬಂದರು. ಮೊದಲನೆಯ ಮಹಡಿಯಲ್ಲಿ ಹನ್ನೊಂದು ಹುಡುಗಿಯರು ಕಂಪ್ಯೂಟರಿನ ಮುಂದೆ ಪರೀಕ್ಷೆ ಬರೆಯುತ್ತಿದ್ದರು, ಎಲ್ಲವೂ ಅರ್ಧಕ್ಕೆ ನಿಂತಿದೆ ಎಂದರು. ಯಾರನ್ನೂ ಕೇಳದೆ ಮೇನ್ ಇಳಿಸಿದ್ದು ಯಾಕೆಂದು ಕೇಳಿದರು. ಅವರಿಗೆ ಅವನ ಮೇಲೆ ನಂಬಿಕೆಯಿತ್ತು. ಆ ನಂಬಿಕೆಯೇ ಅವನಿಗೊಂದು ಬಾಗಿಲು ತೆರೆದು ಕೊಟ್ಟಿತು.

“ಮೇನ್ ಬೋರ್ಡು ಬಿಸಿಯಾಗಿತ್ತಾ? ಅದಕ್ಕೇ ಇಳಿಸಿದ್ರಾ?”

ಹೌದು ಎಂದರೆ ಸಾಕಿತ್ತು. ಹೌದು ಎಂದರೆ ಅವನು ಕಟ್ಟಡವನ್ನು ಬೆಂಕಿಯಿಂದ ಉಳಿಸಿದವನಾಗುತ್ತಿದ್ದ. ಪತ್ರ, ಹುದ್ದೆ, ಮಳೆ ಕೇಳಿಸುವ ಮನೆ, ಎಲ್ಲವೂ ಆ ಒಂದು ಮಾತಿನಾಚೆ ಇತ್ತು. ನಲವತ್ತು ಹುಡುಗಿಯರು ಅವನ ಬಾಯನ್ನೇ ನೋಡುತ್ತಿದ್ದರು. ಬಕೆಟ್ಟಿನಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಚೋಕಣ್ಣ ಕಣ್ಣು ಮುಚ್ಚಿದ. ಎಷ್ಟೋ ದಿನದಿಂದ ಗಂಟಲಲ್ಲಿ ಮುರಿದು ನಿಂತಿದ್ದ ಪ್ರಾರ್ಥನೆಯ ಉಳಿದರ್ಧ ಆಗ ಬಂತು. ಬಂದ ಮೇಲೆ ಕಣ್ಣು ತೆರೆದ.

“ಇಲ್ಲಮ್ಮ. ಬೋರ್ಡು ಚೆನ್ನಾಗಿದೆ. ಈ ಮಹಡೀಲಿ ಸ್ವಿಚ್ ಆರಿಸಿದ್ರೂ ಮೇಲೆ ಕರೆಂಟು ಇರುತ್ತೆ. ತಂತಿ ತಿರುಗಾಮುರುಗಾ ಆಗಿದೆ. ಹಾಕಿದ್ದು ನಾನೇ, ಇಪ್ಪತ್ತಾರು ವರ್ಷದ ಹಿಂದೆ.”

ವಾರ್ಡನ್ ಅವನನ್ನು ನೋಡಿದರು. ಅವರ ಕೋಪ ಕರಗುವಂತೆಯೂ ಇತ್ತು. ಆಮೇಲೆ ಮೆಲ್ಲಗೆ ಕೇಳಿದರು.

“ನಿಮಗೆ ಯಾವಾಗ ಗೊತ್ತಾಯ್ತು?”

ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಅವನ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ.

“ಒಂಬತ್ತು ದಿನ ಆಯ್ತು. ಮಿಣುಕು ಕಾಣದ ಹಾಗೆ ಮುಚ್ಚಿದ್ದೂ ನಾನೇ.”

ಮೀಟರಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಅವನ ಪಕ್ಕದಿಂದ ಸರಿದು, ಹೊರಗೆ ಹೋದಳು.

ಆಮೇಲೆ ಆದುದನ್ನು ಸಿಹಿ ಮಾಡಿ ಹೇಳುವುದು ಸತ್ಯಕ್ಕೆ ಮಾಡುವ ದ್ರೋಹ. ವಾರ್ಡನ್ ಅಂದೇ ತಮ್ಮ ಪತ್ರವನ್ನು ಹಿಂದಕ್ಕೆ ಪಡೆದರು. ಇಪ್ಪತ್ತಾರು ವರ್ಷದ ತಪ್ಪನ್ನು ಯಾರ ಕೈಯಾದರೂ ಮಾಡೀತು, ಒಂಬತ್ತು ದಿನದ್ದನ್ನು ಮಾತ್ರ ನೀವು ಗೊತ್ತಿದ್ದೇ ಮಾಡಿದಿರಿ ಎಂದರು. ಅವನು ತಲೆಬಾಗಿ ಒಪ್ಪಿಕೊಂಡ. ಹೊರಗಿನಿಂದ ಒಬ್ಬ ಪರೀಕ್ಷಕ ಬಂದ. ಪ್ರತಿ ಬೋರ್ಡನ್ನೂ ಆ ಪರೀಕ್ಷಕನ ಕಣ್ಣೆದುರಿಗೇ ಬಿಚ್ಚಬೇಕೆಂಬ ಷರತ್ತಿನ ಮೇಲೆ ಚೋಕಣ್ಣನಿಗೇ ಆ ಕೆಲಸ ಕೊಟ್ಟರು. ದಿನಕ್ಕೆ ಆರು ಕೋಣೆ, ಆರು ದಿನ. ತನ್ನ ಕೈಯಿಂದಲೇ ಹಾಕಿದ ತಂತಿಯನ್ನು ತನ್ನ ಕೈಯಿಂದಲೇ ಬಿಚ್ಚುತ್ತ, ಹುಡುಗಿಯರ ನೋಟದ ಕೆಳಗೆ ಅವನು ಒಂದೊಂದೇ ಕೋಣೆ ದಾಟಿದ. ಮೊದಲ ಮೂರು ದಿನ ಯಾರೂ ಅಣ್ಣ ಎನ್ನಲಿಲ್ಲ.

ನಾಲ್ಕನೆಯ ದಿನ ಮೀಟರಮ್ಮ ಬಂದು ಏಣಿಯ ಬುಡದಲ್ಲಿ ನಿಂತಳು. ಕೈಯಲ್ಲಿ ಹೊಸದಾಗಿ ಕೊಂಡ ಟೆಸ್ಟರು.

“ನೀವು ಇಳೀರಿ. ಸ್ವಿಚ್ ಆರಿಸಿ ನಾನೇ ನೋಡ್ತೀನಿ. ನಿಮ್ಮ ಮಾತು ನಂಬಿ ಬರ್ಕೊಳ್ಳಲ್ಲ ಇನ್ಮೇಲೆ.”

“ನಂಬಬೇಡ ತಾಯಿ,” ಎಂದ ಚೋಕಣ್ಣ. “ಯಾರದ್ದನ್ನೂ ನಂಬಬೇಡ. ಹಿಡಿ, ನೋಡು.”

ಅವಳು ಹತ್ತಿ ನೋಡಿದಳು. ಟೆಸ್ಟರು ಹೊತ್ತಿಕೊಳ್ಳಲಿಲ್ಲ. ಪುಸ್ತಕ ತೆರೆದು ಕೋಣೆಯ ಸಂಖ್ಯೆ ಬರೆದು, ಅದರ ಮುಂದೆ ತನ್ನ ಹೆಸರನ್ನೇ ಬರೆದಳು. ಅದು ಕ್ಷಮೆಯಾಗಿರಲಿಲ್ಲ. ಆದರೆ ಅಲ್ಲಿಂದ ಕೊನೆಯ ಕೋಣೆಯವರೆಗೂ ಅವಳು ಏಣಿಯನ್ನು ಹಿಡಿದುಕೊಂಡಳು.

ಹೆಂಡತಿಗೆ ಅವನು ಹೇಳಿದ್ದು ಆ ಶನಿವಾರವೇ. ಕೆಳಗೆ ಗರಗಸ ಓಡುತ್ತಿತ್ತು, ಹಾಗಾಗಿ ಎಲ್ಲವನ್ನೂ ಎರಡೆರಡು ಸಲ, ಗಟ್ಟಿಯಾಗಿ, ಊರಿಗೇ ಕೇಳುವಂತೆ ಹೇಳಬೇಕಾಯಿತು. ಅವಳು ಪೂರ್ತಿ ಕೇಳಿದಳು. ಪೆಟ್ಟಿಗೆಯಿಂದ ಪರದೆಯನ್ನು ಹೊರತೆಗೆದು, ಈ ಮನೆಯ ಕಿಟಕಿಗೆ ಉದ್ದ ಹೆಚ್ಚಾಗುತ್ತದೆಂದು ಅಳೆದು, ಕತ್ತರಿ ಹಾಕಿದಳು. ತಟ್ಟೆ ಹಾಕಲೇ ಎಂದು ಕೇಳಿದಳು. ಅವನಿಗೆ ಹಸಿವಾಗಿತ್ತು.

ಆ ಹಾಸ್ಟೆಲಿನ ದೀಪದ ಬಿಲ್ಲು ಈಗ ಅರ್ಧಕ್ಕಿಳಿದಿದೆ. ಇನ್ನುಳಿದ ಹಾಸ್ಟೆಲುಗಳಲ್ಲೂ ಚೋಕುಗಳು ಇಳಿಯುತ್ತಿವೆ. ಬೇರೊಬ್ಬ ಮೇಲ್ವಿಚಾರಕ ಬಂದಿದ್ದಾನೆ. ಅವನ ಕೈಕೆಳಗೆ ಚೋಕಣ್ಣ ತಂತಿ ಜೋಡಿಸುತ್ತಾನೆ. ಯಾರಾದರೂ ಬರೋದು, ಹೋಗೋದು ಎಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು, ಯಾವುದು ಎಂದು ಬೆರಳಿಟ್ಟು ತೋರಿಸುವವರೆಗೆ ಕೇಳುತ್ತಾನಂತೆ. ಅವನಿಗೆ ಕಿವಿ ಕೇಳುವುದಿಲ್ಲವೆಂದು ಹೊಸಬರು ಆಡಿಕೊಳ್ಳುತ್ತಾರಂತೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ನೀವಿರುವ ಕೋಣೆಯಲ್ಲಿ ವೃಥಾ ಬಿಸಿಯಾಗಿ ಉರಿಯುವ ಹಳೆಯ ದೀಪವಿದ್ದರೆ ಅದನ್ನು ಈ ವಾರವೇ ಇಳಿಸಿರಿ. ಅದರ ಹೊಗೆಯನ್ನು ಯಾರದೋ ತಾಯಿ ಉಸಿರಾಡುತ್ತಿದ್ದಾಳೆ. ಹೊಸದನ್ನು ಏರಿಸಿದ ಮೇಲೆ ಸ್ವಿಚ್ ಆರಿಸಿ, ಕತ್ತಲೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿರಿ. ಮಿಣುಕು ಕಂಡರೆ ಮುಟ್ಟಬೇಡಿ, ಮುಚ್ಚಲೂಬೇಡಿ; ಬಲ್ಲವರನ್ನು ಕರೆದು ಬೋರ್ಡು ಬಿಚ್ಚಿಸಿರಿ. ಬಿಚ್ಚಿದಾಗ ಆ ತಪ್ಪು ನಿಮ್ಮದೇ ಕೈಯದೆಂದು ತಿಳಿದುಬಂದರೆ, ಅದರ ಕೆಳಗೆ ಬದುಕುತ್ತಿರುವವರ ಮುಂದೆ ಹೋಗಿ ನಿಂತು, ಇದು ನನ್ನದು ಎಂದು ಅಂದೇ ಹೇಳಿಬಿಡಿ.